1,850 ರೂಪಾಯಿಯ ಚೀಟಿ



2023ರಲ್ಲಿ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಯುವಜನ ಸಂಘದ ಖಜಾಂಚಿ ನಾನೇ ಆಗಿದ್ದೆ. ಹಬ್ಬ ಮುಗಿದ ಮುಂದಿನ ಭಾನುವಾರ ಪೂಜೆಯ ನಂತರ ಲೆಕ್ಕ ಓದಿದೆ. ಶಾಮಿಯಾನ, ಮೈಕ್‌ಸೆಟ್, ಅಕ್ಕಿ, ಎಣ್ಣೆ, ಹೂವು. ಕೊನೆಗೆ "ಇತರೆ ಖರ್ಚು 1,850 ರೂಪಾಯಿ" ಎಂದು ಓದಿ ಹಾಳೆ ಮಡಚುತ್ತಿದ್ದೆ. ಹಿಂದಿನ ಸಾಲಿನಿಂದ ದೊಡ್ಡವ್ವನ ದನಿ ಬಂತು.

"ಇತರೆ ಅಂದ್ರ ಏನಪಾ? ಯಾರಿಗಿ ಕೊಟ್ಟಿ? ಚೀಟಿ ಎಲ್ಲದ?"

ಆಕೆ ಕೊಟ್ಟಿದ್ದ ಚಂದಾ ಐವತ್ತು ರೂಪಾಯಿ. ನನ್ನ ಮುಖ ಕೆಂಪಾಯಿತು. ಹತ್ತು ದಿನ ಓದು ಬಿಟ್ಟು ಓಡಾಡಿದವನು ನಾನು, ಈಗ ಎಲ್ಲರೆದುರು ಕಳ್ಳ ಅನಿಸಿಕೊಂಡಂತಾಯಿತು. "ಜನರೇಟರಿಗೆ ಡೀಸೆಲ್, ಆಟೋ ಬಾಡಿಗೆ" ಎಂದು ಏನೋ ಗೊಣಗಿ ಕುಳಿತೆ. ಮನೆಗೆ ಬಂದು ಹಟಕ್ಕೆ ಬಿದ್ದು ಚೀಟಿಗಳನ್ನೆಲ್ಲ ಹರಡಿ ಕೂಡಿಸಿದೆ. ಆಟೋ ಬಾಡಿಗೆ 400 ರೂಪಾಯಿಯನ್ನು ಎರಡು ಸಲ ಬರೆದಿದ್ದೆ. ಆಕೆ ಕೇಳದೇ ಇದ್ದಿದ್ದರೆ ಅದು ಹಾಗೇ ಉಳಿಯುತ್ತಿತ್ತು. ಆ ದುಡ್ಡು ಎಲ್ಲಿ ಹೋಗಿತ್ತು ಎಂದರೆ, ನನ್ನ ಜೇಬಿನಲ್ಲೇ ಕಲೆತುಹೋಗಿತ್ತು. ಮುಂದಿನ ವಾರ ವಾಪಸ್ ಕೊಟ್ಟೆ, ಆದರೆ ಸಿಟ್ಟು ಮಾತ್ರ ಇಳಿಯಲಿಲ್ಲ.

ಅದು ಇಳಿಯತೊಡಗಿದ್ದು ಆ ವರ್ಷದ ಡಿಸೆಂಬರ್ 20ರಂದು. ನಾವು ಗೋದಲಿ ಕಟ್ಟುತ್ತಿದ್ದೆವು, ಪಕ್ಕದಲ್ಲಿ ಮೊಬೈಲಿನಲ್ಲಿ ಹೈದರಾಬಾದಿನ ವಿಧಾನಸಭೆ ನಡೆಯುತ್ತಿತ್ತು. ಹೊಸ ಸರ್ಕಾರದ ಹಣಕಾಸು ಸಚಿವ ಭಟ್ಟಿ ವಿಕ್ರಮಾರ್ಕ ಶ್ವೇತಪತ್ರ ಮಂಡಿಸಿ, ರಾಜ್ಯದ ಸಾಲ 6,71,757 ಕೋಟಿ ರೂಪಾಯಿ ಎಂದರು. ಹಳೆಯ ಹಣಕಾಸು ಸಚಿವ ಹರೀಶ್ ರಾವ್ ವಿರೋಧ ಪಕ್ಷದ ಸಾಲಿನಿಂದ ಎದ್ದು ಆ ಲೆಕ್ಕವನ್ನೇ ಪ್ರಶ್ನಿಸಿದರು. ಸರ್ಕಾರ ನೇರವಾಗಿ ಮಾಡಿದ ಸಾಲ ಸುಮಾರು 3.89 ಲಕ್ಷ ಕೋಟಿ. ಉಳಿದದ್ದು ನಿಗಮಗಳ ಹೆಸರಿನಲ್ಲಿ, ಸರ್ಕಾರದ ಜಾಮೀನಿನ ಮೇಲೆ ಎತ್ತಿದ ಸಾಲ ಮೊದಲಾದದ್ದು. ಅದನ್ನೂ ನಮ್ಮ ಸಾಲ ಎನ್ನಬೇಕೋ ಬೇಡವೋ ಎಂಬುದೇ ಜಗಳ. ಯಾರು ಸರಿ ಎಂದು ನಾನಿಲ್ಲಿ ಹೇಳಲು ಹೊರಟಿಲ್ಲ. ನನಗೆ ಹೊಳೆದದ್ದು ಬೇರೆ: "ಇತರೆ" ಎಂಬ ಸಾಲು ಅಲ್ಲೂ ಇದೆ, ಅದರೊಳಗೆ ಏನಿದೆ ಎಂದು ಯಾರಾದರೂ ಎದ್ದು ಕೇಳಿದಾಗ ಮಾತ್ರ ಗೊತ್ತಾಗುತ್ತದೆ.

ಎರಡು ತಿಂಗಳು ಕಳೆಯುವುದರೊಳಗೆ, 2024ರ ಫೆಬ್ರವರಿ 15ರಂದು, ಕಾಳೇಶ್ವರಂ ಯೋಜನೆಯ ಸಿಎಜಿ ವರದಿ ಅದೇ ಸಭೆಗೆ ಬಂತು. ಹಾಕಿದ ಒಂದು ರೂಪಾಯಿಗೆ ಸಿಗುವ ಲಾಭ 52 ಪೈಸೆ ಎಂದಿತ್ತು ಅದರಲ್ಲಿ.

ಕಾಳೇಶ್ವರಂ ನಮಗೆ ದೂರ, ಗೋದಾವರಿಯ ಮಾತು. ನಮ್ಮದು ಕೃಷ್ಣೆ. ಮಖ್ತಲ್ ಕಡೆಯ ನಮ್ಮ ಮನೆಯಲ್ಲಿ ಅಡುಗೆಮನೆಯ ಮಾತು ಕನ್ನಡ, ಶಾಲೆಯ ಮಾತು ತೆಲುಗು. ಎರಡೂ ಭಾಷೆಯಲ್ಲಿ ನಾನು ಚಿಕ್ಕಂದಿನಿಂದ ಕೇಳಿದ ಒಂದು ಸಂಖ್ಯೆ 69. 69ನೇ ಜೀಓ. 2014ರ ಮೇ ತಿಂಗಳಲ್ಲಿ ಹೊರಟ ಆ ಆದೇಶದ ಪ್ರಕಾರ ಜುರಾಲಾದಿಂದ ನೀರೆತ್ತಿ ನಾರಾಯಣಪೇಟೆ, ಮಖ್ತಲ್, ಕೊಡಂಗಲ್ ಕಡೆಯ ಸುಮಾರು ಒಂದು ಲಕ್ಷ ಎಕರೆಗೆ ಕೊಡಬೇಕಿತ್ತು. 2015ರಲ್ಲಿ 35,200 ಕೋಟಿಯ ಪಾಲಮೂರು-ರಂಗಾರೆಡ್ಡಿ ಯೋಜನೆ ಬಂತು, ಅದಕ್ಕೆ ನೀರು ಶ್ರೀಶೈಲದ ಹಿನ್ನೀರಿನಿಂದ ಎಂದಾಯಿತು, 69 ಮೂಲೆ ಸೇರಿತು. ಹತ್ತಿರದಲ್ಲೇ ಜುರಾಲಾ, ನಮ್ಮ ಜನ ಮಾತ್ರ ದುಡಿಯಲು ಪುಣೆ, ಮುಂಬಯಿ ಬಸ್ಸು ಹತ್ತುತ್ತಿದ್ದರು. ನಮ್ಮಪ್ಪನೂ ಹತ್ತಿದವರೇ. ಕೊನೆಗೆ 2024ರ ಫೆಬ್ರವರಿ 21ರಂದು ಕೋಸಗಿಯಲ್ಲಿ ಮುಖ್ಯಮಂತ್ರಿ ರೇವಂತ್ ರೆಡ್ಡಿ ನಾರಾಯಣಪೇಟೆ-ಕೊಡಂಗಲ್ ಏತ ನೀರಾವರಿಗೆ ಅಡಿಗಲ್ಲು ಹಾಕಿದರು. ಅಂದಾಜು 2,945 ಕೋಟಿ. ಆಮೇಲೆ ಭೂಮಿ ಹೋಗುವ ರೈತರು ಪರಿಹಾರ ಸಾಲದೆಂದು ಹೋರಾಟಕ್ಕೆ ಕುಳಿತರು. ನೀರು ಬೇಕೆಂದು ಕೂಗಿದ ಊರಿನಲ್ಲೇ ಈಗ ಕಾಲುವೆ ಯಾರ ಹೊಲದಲ್ಲಿ ಹಾಯುತ್ತದೆ ಎಂಬ ಭಯ. ನಮ್ಮ ಚಿಕ್ಕಪ್ಪನ ಎರಡೂವರೆ ಎಕರೆಗೂ ಅಳತೆಗಾರರು ಬಂದು ಹೋದರು.

ಚಿಕ್ಕಪ್ಪ ನನ್ನನ್ನು ಕೇಳಿದ್ದು ಸರಳ ಪ್ರಶ್ನೆ: "ದುಡ್ಡು ಯಾವಾಗ ಕೊಡ್ತಾರಂತ? ನೀರು ನಮ್ಮ ಹೊಲಕ್ಕೂ ಬರ್ತದೇನು, ಬರೇ ಹಾದು ಹೋಗ್ತದೇನು?" ಇದಕ್ಕೆ ಉತ್ತರ ಕೊಡಬೇಕಾದವರು ಸಚಿವರು, ಕೇಳಬೇಕಾದವರು ಶಾಸಕರು. ಅದಕ್ಕೆಂದೇ ಸದನದಲ್ಲಿ ಪ್ರಶ್ನೋತ್ತರ ಅವಧಿ ಇರುವುದು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಅದರ ಬಾಲ ಹಿಡಿದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಬೆಂಗಳೂರಿನ ವಿಧಾನಸಭೆಯ ಉತ್ತರ ಪತ್ರಗಳನ್ನು ನೋಡಿದವರಿಗೆ "ಉದ್ಭವಿಸುವುದಿಲ್ಲ" ಎಂಬ ಒಂದು ಪದ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ಪ್ರಶ್ನೆಗೆ "ಇಲ್ಲ" ಎಂದುಬಿಟ್ಟರೆ ಮುಂದಿನವು ಉದ್ಭವಿಸುವುದೇ ಇಲ್ಲ! ದೊಡ್ಡವ್ವನ ಮುಂದೆ ನಾನು ಹಾಗೆ ಹೇಳಿದ್ದರೆ ಏನಾಗುತ್ತಿತ್ತೋ.

ನಮ್ಮ ಕಡೆ ಈಗ ಒಂದು ವಿಚಿತ್ರ ಪರಿಸ್ಥಿತಿ. ಮುಖ್ಯಮಂತ್ರಿ ಕೊಡಂಗಲ್ ಶಾಸಕರು. ಮಖ್ತಲ್ ಶಾಸಕ ವಾಕಿಟಿ ಶ್ರೀಹರಿ 2025ರ ಜೂನ್‌ನಲ್ಲಿ ಸಚಿವರಾದರು, ಯುವಜನ ಸೇವೆ, ಕ್ರೀಡೆ, ಮೀನುಗಾರಿಕೆ ಅವರ ಖಾತೆಗಳು. ಊರಿನಲ್ಲಿ ಪಟಾಕಿ ಹೊಡೆದರು, ನನಗೂ ಖುಷಿಯೇ. ಆದರೆ ಸಚಿವರಾದವರು ಪ್ರಶ್ನೆ ಕೇಳುವಂತಿಲ್ಲ, ಉತ್ತರ ಕೊಡುವವರ ಸಾಲಿಗೆ ಹೋಗಿಬಿಡುತ್ತಾರೆ. ಹಾಗಾದರೆ ಮಖ್ತಲ್ ಪರವಾಗಿ ಕೇಳುವವರು ಯಾರು? ಅಕ್ಕಪಕ್ಕದ ಶಾಸಕರು ಕೇಳಬೇಕು. ಆಡಳಿತ ಪಕ್ಷದವರು ಕೇಳಬಾರದು ಎಂದೇನೂ ಇಲ್ಲ. 1957ರ ಡಿಸೆಂಬರ್‌ನಲ್ಲಿ ಎಲ್‌ಐಸಿಯ 1.24 ಕೋಟಿ ರೂಪಾಯಿ ಮುಂದ್ರಾ ಕಂಪನಿಗಳಿಗೆ ಹೇಗೆ ಹೋಯಿತು ಎಂದು ಲೋಕಸಭೆಯಲ್ಲಿ ಎದ್ದು ನಿಂತ ಫಿರೋಜ್ ಗಾಂಧಿ ಕಾಂಗ್ರೆಸ್ಸಿನವರೇ, ಪ್ರಧಾನಿ ನೆಹರೂ ಅವರ ಅಳಿಯ. ಎರಡು ತಿಂಗಳಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಗದ್ವಾಲ ಕಡೆಯ ನಮ್ಮ ಅಜ್ಜನ ಕಥೆ ಇನ್ನೂ ತೊಡಕು. 1956ರವರೆಗೆ ಗದ್ವಾಲ, ಅಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಹೈದರಾಬಾದ್ ವಿಧಾನಸಭೆಯಲ್ಲಿ ರಾಯಚೂರಿನವರು, ಗದ್ವಾಲದವರು ಒಂದೇ ಛಾವಣಿಯ ಕೆಳಗೆ ಕೂರುತ್ತಿದ್ದರು. ರಾಜೋಳಿಬಂಡಾ ತಿರುವು ಯೋಜನೆ ಆ ಕಾಲದ್ದು. ಈಗ ಅಣೆಕಟ್ಟು ಕರ್ನಾಟಕದಲ್ಲಿ, ಕಾಲುವೆಯ ಮೊದಲ ನಲವತ್ತು ಚಿಲ್ಲರೆ ಕಿಲೋಮೀಟರು ಕರ್ನಾಟಕದಲ್ಲಿ, ನೀರು ಸೇರಬೇಕಾದ 87,500 ಎಕರೆ ಈ ಕಡೆ. 15.9 ಟಿಎಂಸಿ ನಮ್ಮ ಪಾಲು, ಕಾಲುವೆಯ ಕೊನೆಯ ರೈತನಿಗೆ ಮಾತ್ರ ಅದು ಕಾಗದದ ಪಾಲು. ಹೈದರಾಬಾದಿನಲ್ಲಿ ಪ್ರಶ್ನೆ ಕೇಳಿದರೆ ಅರ್ಧ ಉತ್ತರ ಬೆಂಗಳೂರಿನಲ್ಲಿರುತ್ತದೆ. ಅಜ್ಜ ಇರುವವರೆಗೆ ಬೈಯುತ್ತಿದ್ದುದು ಒಂದೇ ಮಾತು: "ಜಿಲ್ಲಾ ಹರದ್ರು, ಕಾಲುವಿ ಹಂಗೇ ಬಿಟ್ರು."

ಈ ವರ್ಷವೂ ನಾವು ನಾಲ್ಕು ಜನ ಕುಳಿತು ಚಿಕ್ಕಪ್ಪನ ಎರಡು ಪ್ರಶ್ನೆಗಳನ್ನು ತೆಲುಗಿನಲ್ಲಿ ಒಂದು ಹಾಳೆಯಲ್ಲಿ ಬರೆದೆವು: ಪರಿಹಾರಕ್ಕೆ ಈವರೆಗೆ ಬಿಡುಗಡೆಯಾದದ್ದೆಷ್ಟು, ಎಷ್ಟು ಜನರ ಕೈಸೇರಿದೆ, ಆಯಕಟ್ಟಿನಲ್ಲಿ ನಮ್ಮ ಊರಿನ ಎಷ್ಟು ಎಕರೆ ಇದೆ. ಶಾಸಕರ ಕಚೇರಿಗೆ ಕೊಡುವ ಮೊದಲು ದೊಡ್ಡವ್ವನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು.

"ತಾರೀಖು ಹಾಕಿಲ್ಲಲ್ಲೋ," ಎಂದಳು. "ಕೊಟ್ಟಿದ್ದಕ್ಕ ಅವರ ಕಡಿಂದ ಒಂದು ಸೈನ್ ಇಸ್ಕೊಂಡು ಬಾ."