ಬಿಟ್ಟು ಹೋಗುವ ಮಾತು: ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನ ದಿನಚರಿಯಿಂದ

13 ಅಕ್ಟೋಬರ್ 2021, ಬುಧವಾರ

ದಸರಾ ರಜೆ. ಬೆಳಿಗ್ಗೆಯಿಂದ ಒಂದೇ ವಿಡಿಯೊ ಎಲ್ಲ ಗುಂಪುಗಳಿಂದಲೂ ಮೊಬೈಲಿಗೆ ಬಂದು ಬೀಳುತ್ತಿದೆ. ರಾಯಚೂರು ನಗರದ ಶಾಸಕ ಶಿವರಾಜ್ ಪಾಟೀಲರು ಸಚಿವರ ಎದುರಿಗೇ, ನಮ್ಮನ್ನು ತೆಲಂಗಾಣಕ್ಕಾದರೂ ಸೇರಿಸಿ ಎಂದಿದ್ದಾರೆ. ಸಭೆಯಲ್ಲಿದ್ದ ಜನ ಚಪ್ಪಾಳೆ ಹೊಡೆದಿದ್ದಾರೆ. ಅದನ್ನು ತೆಲಂಗಾಣದ ಮಂತ್ರಿ ಕೆ.ಟಿ. ರಾಮರಾವ್ ಎತ್ತಿಕೊಂಡು ಟ್ವಿಟರ್‌ನಲ್ಲಿ ಹಾಕಿದ ಮೇಲೆ ಊರೂರಿನಲ್ಲಿ ಇದೇ ಮಾತು. ಅಭಿವೃದ್ಧಿ ಆಗಲಿ ಅನ್ನುವ ಅರ್ಥದಲ್ಲಿ ಹೇಳಿದ್ದು ಎಂದು ಶಾಸಕರು ಆಮೇಲೆ ವಿವರಿಸಿದರಂತೆ. ನನಗೆ ಅವರ ಮಾತಿಗಿಂತ ಆ ಚಪ್ಪಾಳೆಯೇ ಕಿವಿಯಲ್ಲಿ ಉಳಿದಿದೆ.

ಹಾಲು ಹಾಕಲು ಬಂದ ಹುಡುಗ ಬಾಗಿಲಲ್ಲೇ ಶುರು ಮಾಡಿದ. "ಅಕ್ಕಾರ, ಅಲ್ಲಿ ಎಕರೆಕ್ಕ ವರ್ಷಕ್ಕ ಹತ್ತು ಸಾವಿರ ಕೊಡತಾರ. ಹೊಲಕ್ಕ ಇಪ್ಪತ್ನಾಕು ತಾಸು ಕರೆಂಟ್, ಅದೂ ಪುಕ್ಕಟ. ನಮಗ ರಾತ್ರಿ ಎರಡಕ್ಕ ಬರತಾದ, ಮೂರಕ್ಕ ಹೋಗತಾದ." ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ರೈತಬಂಧು ಯೋಜನೆಯಲ್ಲಿ ಅಲ್ಲಿ ಒಂದು ಹಂಗಾಮಿಗೆ ಎಕರೆಗೆ 5,000 ರೂಪಾಯಿ ಖಾತೆಗೆ ಬರುತ್ತದೆ. ಆದರೆ ಪಕ್ಕದ ಮನೆಯ ಮುದುಕಿ ಒಳಗಿನಿಂದಲೇ ಕೂಗಿದಳು: "ಅಲ್ಲಿ ಸೇರಿದ್ರ ಐದು ಎ ಕಾಲುವಿ ತರತಾರೇನು ಕೇಳೋ ಮೊದ್ಲ!"

ನಮ್ಮ ಊರು ಧರಣಿ ಕುಳಿತು ಕೇಳಿದ ನೀರಾವರಿ ಕಾಲುವೆ ಅದು. ಹುಡುಗನ ಹತ್ತಿರ ಉತ್ತರ ಇರಲಿಲ್ಲ.

14 ಅಕ್ಟೋಬರ್, ಗುರುವಾರ

ಆಯುಧ ಪೂಜೆ. ಕುಡುಗೋಲು, ಕುರ್ಪಿ, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ ಇಟ್ಟೆ. ಅಪ್ಪನ ಹಳೆಯ ಟ್ರಂಕು ತೆಗೆದು ಒರೆಸುವಾಗ ಅಜ್ಜನ ಕಾಲದ ಹೊಲದ ಕಾಗದಗಳು ಸಿಕ್ಕವು. ಎಲ್ಲ ಉರ್ದು. ನಮ್ಮ ಮನೆಯಲ್ಲಿ ಈಗ ಅದನ್ನು ಓದುವವರು ಯಾರೂ ಇಲ್ಲ. ಅಪ್ಪ ಓದುತ್ತಿದ್ದರು, ಅವರ ಶಾಲೆಯೇ ಉರ್ದುವಿನಲ್ಲಿ ಆಗಿತ್ತು.

ಅಪ್ಪ ಇದ್ದಿದ್ದರೆ ಈ ವಿಡಿಯೊ ನೋಡಿ ಏನೆನ್ನುತ್ತಿದ್ದರು? ಅವರ ಬಾಯಿಂದ ನಾನು ಸಣ್ಣವಳಿದ್ದಾಗಿನಿಂದ ಕೇಳಿದ ಮಾತು ಒಂದೇ: "ನಮ್ಮನ್ನ ಯಾರು ಕೇಳ್ಯಾರ? ನಿಜಾಮ ಕೇಳಲಿಲ್ಲ, ದಿಲ್ಲಿಯವ್ರೂ ಕೇಳಲಿಲ್ಲ." 1947ರ ಆಗಸ್ಟಿನಲ್ಲಿ ದೇಶ ಬಾವುಟ ಹಾರಿಸುವಾಗ ನಾವು ಭಾರತದ ಹೊರಗಿದ್ದೆವು. 1948ರ ಸೆಪ್ಟೆಂಬರ್ 17ಕ್ಕೆ ಒಳಗೆ ಬಂದೆವು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಮೂರು ಭಾಗವಾಗಿ, ಬೀದರ, ಕಲಬುರಗಿ, ರಾಯಚೂರು ಮೈಸೂರಿಗೆ ಬಂದವು. ಆಗ ರಾಯಚೂರು ಜಿಲ್ಲೆಯಲ್ಲೇ ಇದ್ದ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರದ ಪಾಲಾದವು. ಒಂದೇ ಜಿಲ್ಲೆಯ ಬೀಗರು ಒಂದು ಬೆಳಿಗ್ಗೆಗೆ ಎರಡು ರಾಜ್ಯದವರಾದರು. ಕನ್ನಡದ ಜನ ಒಂದಾಗಬೇಕು ಎಂದು ಅಪ್ಪನ ತಲೆಮಾರು ಹೋರಾಡಿದ್ದೂ ನಿಜ, ಒಂದಾದಾಗ ಅವರು ಸಂತೋಷಪಟ್ಟದ್ದೂ ನಿಜ. ಆದರೂ ಅವರ ಒಳಗೆ ಆ ಪ್ರಶ್ನೆ ಕೊನೆಯವರೆಗೂ ಇತ್ತು.

ತೆಲಂಗಾಣದವರಿಗಾದರೂ ಒಂದು ಮಾತು ಕೊಟ್ಟಿದ್ದರು. 1955ರ ಫಜಲ್ ಅಲಿ ಆಯೋಗದ ವರದಿ, ಅವರನ್ನು ಸದ್ಯಕ್ಕೆ ಬೇರೆಯೇ ಇಡಿ, 1961ರ ಹೊತ್ತಿನ ಚುನಾವಣೆ ಮುಗಿದ ಮೇಲೆ ಅವರ ಶಾಸನಸಭೆಯ ಮೂರನೇ ಎರಡು ಭಾಗ ಒಪ್ಪಿದರೆ ಆಂಧ್ರಕ್ಕೆ ಸೇರಲಿ ಎಂದಿತ್ತು. ಆ ಮತದಾನ ನಡೆಯಲೇ ಇಲ್ಲ. ಮರುವರ್ಷವೇ ಸೇರಿಸಿದರು. 58 ವರ್ಷ ಕಳೆದು 2014ರ ಜೂನ್ 2ಕ್ಕೆ ಬೇರೆಯಾದರು, ಎಷ್ಟೋ ಹುಡುಗರು ಜೀವ ಕಳೆದುಕೊಂಡ ಮೇಲೆ. ಕೇಳಬೇಕಾದ ಹೊತ್ತಿಗೆ ಕೇಳಿದ್ದರೆ ಅಷ್ಟು ಸಾವು ಆಗುತ್ತಿರಲಿಲ್ಲವೇನೋ.

15 ಅಕ್ಟೋಬರ್, ಶುಕ್ರವಾರ

ಸಂಜೆ ಬನ್ನಿ ಕೊಡಲು ಬಂದವರೆಲ್ಲ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುವುದು, ಕಾಲಿಗೆ ಬೀಳುವುದು, ಕೂಡಲೇ ತೆಲಂಗಾಣದ ಮಾತಿಗೆ ಕೂರುವುದು. ಮನೆ ತುಂಬ ಮಾತು.

ಗೊಬ್ಬರದ ಅಂಗಡಿಯ ಕಾಕಾ ಸೇರಬೇಕು ಎಂದರು. ಅವರಿಗೆ ಬೆಂಗಳೂರು ಅಂದರೆ ರಾತ್ರಿಯಿಡೀ ಬಸ್ಸು, ಹೈದರಾಬಾದ್ ಅಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ಊರು. ರೋಗ ಬಂದರೂ ಮದುವೆ ಬಟ್ಟೆ ತರಬೇಕಾದರೂ ಅಲ್ಲಿಗೇ. ಅವರ ಮಗ ಸಿಟ್ಟಾದ: "ಅಪ್ಪಾ, ನನ್ನ ತಂಗಿಗೆ ಸೀಟು ಸಿಕ್ಕಿದ್ದು 371 ಜೆ ಇಂದ. ಅಲ್ಲಿ ಹೋದ್ರ ಅದು ಇರತಾದೇನು?" ಅವನು ಹೇಳಿದ್ದು ನ್ಯಾಯ. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆ 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬಡಿದಾಡಿದ ಮೇಲೆ 2012ರ ಕೊನೆಗೆ ಸಂಸತ್ತು ಒಪ್ಪಿದ್ದು. ಅದು ಸಂವಿಧಾನದಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಕಲಮು. ಗಡಿ ದಾಟಿದರೆ ಅದು ನಮ್ಮ ಜೊತೆ ಬರುವುದಿಲ್ಲ.

ಹೆಂಗಸರು ಯಾರೂ ರಾಜ್ಯದ ಹೆಸರು ಎತ್ತಲಿಲ್ಲ. ಹತ್ತಿ ಬಿಡಿಸುವ ಕೂಲಿ, ಕುಡಿಯುವ ನೀರು, ಹೆರಿಗೆಗೆ ಎಲ್ಲಿ ಓಡಬೇಕು, ಇಷ್ಟೇ ಅವರ ಮಾತು. ಗಂಡಸರು ಅದನ್ನು ಬೇರೆ ಮಾತು ಎಂದುಕೊಂಡರು. ನನಗೇನೋ ಇಡೀ ಸಂಜೆ ವಿಷಯಕ್ಕೆ ಹತ್ತಿರ ಇದ್ದವರು ಅವರೇ ಅನ್ನಿಸಿತು.

ರಾತ್ರಿ ಬ್ರಿಟನ್ನಿನ ಸಂಡರ್‌ಲ್ಯಾಂಡಿನಿಂದ ಫೋನು. ನನ್ನ ಹಳೆಯ ವಿದ್ಯಾರ್ಥಿನಿ, ಅಲ್ಲಿ ನರ್ಸು. ಹಬ್ಬದ ನಮಸ್ಕಾರ ಹೇಳಲು ಮಾಡಿದ್ದಳು. ಇಲ್ಲಿಯ ಗದ್ದಲ ಹೇಳಿದಾಗ ಒಂದು ಕ್ಷಣ ಸುಮ್ಮನಾಗಿ, "ಅಕ್ಕಾರ, ನಾ 2016ರಾಗ ಇಲ್ಲಿ ಓಟು ಹಾಕೀನಿ" ಎಂದಳು. ನಾನು ನಂಬಲಿಲ್ಲ. ಆಮೇಲೆ ಬಿಡಿಸಿ ಹೇಳಿದಳು: ಕಾಮನ್‌ವೆಲ್ತ್ ದೇಶದವರು ಬ್ರಿಟನ್ನಿನಲ್ಲಿ ನೆಲೆಸಿದ್ದರೆ, ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂಬ ಆ ಜನಮತಗಣನೆಯಲ್ಲಿ ಮತ ಇತ್ತು. ಅವಳ ಜೊತೆ ಅದೇ ವಾರ್ಡಿನಲ್ಲಿ ದುಡಿಯುವ ಪೋಲೆಂಡಿನವಳಿಗೆ ಇರಲಿಲ್ಲ. ಯಾರ ಬದುಕು ಬುಡಮೇಲಾಗುವುದಿತ್ತೋ ಅವಳು ಹೊರಗೆ ನಿಂತಳು, ನಮ್ಮ ಮಸ್ಕಿ ಸೀಮೆಯ ಹುಡುಗಿ ಒಳಗೆ ಹೋಗಿ ಗುರುತು ಹಾಕಿದಳು. ಯಾವುದಕ್ಕೆ ಹಾಕಿದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

17 ಅಕ್ಟೋಬರ್, ಭಾನುವಾರ

ಸಂಡರ್‌ಲ್ಯಾಂಡಿನ ಮಾತು ತಲೆಯಿಂದ ಹೋಗುತ್ತಿಲ್ಲ. 2016ರ ಜೂನ್ 23ರ ರಾತ್ರಿ, ಯುರೋಪಿನ ಒಕ್ಕೂಟ ಬಿಡುವವರು ಗೆಲ್ಲುತ್ತಾರೆ ಎಂದು ಮೊದಲು ಗೊತ್ತಾದದ್ದೇ ಆ ಊರಿನ ಎಣಿಕೆಯಿಂದ. ನೂರಕ್ಕೆ 61 ಜನ ಬಿಡೋಣ ಎಂದರು. ಊರಿಗೆ ಅನ್ನ ಕೊಡುವ ನಿಸ್ಸಾನ್ ಕಾರ್ಖಾನೆ ಅಲ್ಲಿದೆ, ಅದರ ಕಾರುಗಳು ಯುರೋಪಿಗೇ ಹೋಗುತ್ತವೆ. ಆದರೂ ಬಿಡೋಣ ಎಂದರು. ಹಡಗುಕಟ್ಟೆ ಮುಚ್ಚಿ, ಕಲ್ಲಿದ್ದಲು ಗಣಿ ಮುಚ್ಚಿ, ಲಂಡನ್ನಿನವರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ ಎಂಬ ಸಿಟ್ಟು ಅಲ್ಲಿ ಎಷ್ಟೋ ವರ್ಷದಿಂದ ಇತ್ತಂತೆ. ಸಿಟ್ಟು ಲಂಡನ್ನಿನ ಮೇಲೆ, ಮತ ಬಿದ್ದದ್ದು ಒಕ್ಕೂಟದ ಬ್ರಸೆಲ್ಸಿನ ಮೇಲೆ.

ಇಡೀ ದೇಶದಲ್ಲಿ ನೂರಕ್ಕೆ 51.9 ಮಂದಿ ಒಂದು ಕಡೆ, 48.1 ಮಂದಿ ಇನ್ನೊಂದು ಕಡೆ. ಮರುದಿನ ಪ್ರಧಾನಿ ಕ್ಯಾಮರೂನ್ ರಾಜೀನಾಮೆ ಹೇಳಿದರು. ಇರೋಣ ಎಂದಿದ್ದ ಸ್ಕಾಟ್‌ಲ್ಯಾಂಡಿನವರು, ನಮ್ಮನ್ನು ಎಳೆದುಕೊಂಡು ಹೋಗುತ್ತಿದ್ದೀರಿ ಎಂದರು. ಇನ್ನೊಮ್ಮೆ ಮತ ಹಾಕಿಸಿ ಎಂಬ ಮನವಿಗೆ 40 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಯುರೋಪಿನ ಹಣ ತುಂಬ ಪಡೆಯುತ್ತಿದ್ದ ಕಾರ್ನ್‌ವಾಲ್, ಬಿಡೋಣ ಎಂದು ಮತ ಹಾಕಿ, ಆ ಹಣ ಮಾತ್ರ ನಿಲ್ಲಬಾರದು ಎಂದು ಕೇಳಿತು. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ, ನಮ್ಮ ಗೊಬ್ಬರದ ಕಾಕಾನ ಮುಖ ಕಾಣುತ್ತದೆ. ಇರೋದೋ ಬಿಡೋದೋ ಎಂಬ ಒಂದು ಸಾಲಿನ ಪ್ರಶ್ನೆ ಅವರ ಮುಂದಿಟ್ಟರು. ಬಿಟ್ಟರೆ ಲಾರಿ ಓಡಿಸುವವರು ಯಾರು, ಐರ್ಲೆಂಡಿನ ಗಡಿಗೆ ಏನು ಗತಿ, ಪೋಲೆಂಡಿನ ನರ್ಸಿನ ಪಾಡೇನು, ಇವೆಲ್ಲ ಮತದ ಚೀಟಿಯಲ್ಲಿ ಇರಲಿಲ್ಲ. ಹೊರಗೆ ಬೀಳಲು 2020ರ ಜನವರಿ 31 ಆಯಿತು. ಹೋದ ತಿಂಗಳು ಅಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಉದ್ದದ ಸಾಲು ನಿಂತಿತ್ತು, ಲಾರಿ ಡ್ರೈವರುಗಳಿಲ್ಲದೆ. ಹೊರಗಿನವರನ್ನು ಕರೆಯಲು 5,000 ತಾತ್ಕಾಲಿಕ ವೀಸಾ ಕೊಡುತ್ತೇವೆ ಎಂದು ಸರ್ಕಾರವೇ ಹೇಳಬೇಕಾಯಿತು.

ಬಿಡಬಾರದು ಎಂದು ನಾನು ಯಾರಿಗೂ ಹೇಳುವವಳಲ್ಲ. ಕೂಡಿ ಇರಲಾಗದಿದ್ದರೆ ಬೇರೆಯಾಗುವುದೂ ಜನರ ಹಕ್ಕೇ. ಆದರೆ ಕೇಳುವಾಗ ಪೂರ್ತಿ ಕೇಳಬೇಕು. ನಮ್ಮ ಭಾಗದ ಮಟ್ಟಿಗಾದರೆ: ಕೃಷ್ಣೆಯ ನೀರಿನಲ್ಲಿ ನಮ್ಮ ಪಾಲು ಯಾರ ಲೆಕ್ಕಕ್ಕೆ? ನಮ್ಮ ಕನ್ನಡ ಶಾಲೆಗಳಿಗೆ ಮಾಸ್ತರರನ್ನು ಯಾರು ಕೊಡುತ್ತಾರೆ? ನದಿಯಾಚೆ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಅಲ್ಲಿಯ ಮಕ್ಕಳು ಕನ್ನಡದಲ್ಲಿ ಓದಿ ಯಾವ ಕೆಲಸಕ್ಕೆ ಅರ್ಜಿ ಹಾಕಬೇಕು ಎಂದು ಅವರನ್ನೊಮ್ಮೆ ಕೇಳಿ ಬಂದು ಆಮೇಲೆ ಚಪ್ಪಾಳೆ ಹೊಡೆಯಬೇಕಿತ್ತು.

ಇನ್ನೂ ಒಂದು ಬರೆಯಬೇಕು. ನಮ್ಮ ಊರಿಗೆ ಮತ ಅಂದರೆ ಏನು ಎಂದು ಯಾರೂ ಕಲಿಸಬೇಕಾಗಿಲ್ಲ. ಹೋದ ವರ್ಷ ನವೆಂಬರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಇಲ್ಲೇ ಪಾಮನಕಲ್ಲೂರಿನಲ್ಲಿ ಟೆಂಟು ಬಿತ್ತು. ನೂರು ದಿನ ದಾಟಿತು ಧರಣಿ. ಸರ್ಕಾರ ನಂದವಾಡಗಿ ಏತ ನೀರಾವರಿಯ ಹೆಸರು ಹೇಳಿತು, ರೈತರು ಬೇಡ, ಹರಿದು ಬರುವ ಕಾಲುವೆಯೇ ಬೇಕು ಎಂದರು. ಡಿಸೆಂಬರಿನ ಪಂಚಾಯ್ತಿ ಚುನಾವಣೆಗೆ ನಮ್ಮ ಸುತ್ತಿನಲ್ಲಿ ನಾಮಪತ್ರವನ್ನೇ ಹಾಕದೆ ಕುಳಿತರು. ಏಪ್ರಿಲ್ 17ರ ಮಸ್ಕಿ ಉಪಚುನಾವಣೆಯಲ್ಲಿ ಆಳುವ ಪಕ್ಷ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿತು. ಟೆಂಟಿನಲ್ಲಿ ನಾನು ರಾಜ್ಯ ಬಿಡುವ ಮಾತನ್ನು ಒಂದು ದಿನವೂ ಕೇಳಲಿಲ್ಲ. ಅಲ್ಲಿ ಇದ್ದದ್ದು ನೀರಿನ ಮಾತು.

18 ಆಗಸ್ಟ್ 2022, ಗುರುವಾರ

ಮತ್ತೆ ಶುರು. ಮೊನ್ನೆ ವಿಕಾರಾಬಾದಿನ ಸಭೆಯಲ್ಲಿ ತೆಲಂಗಾಣದ ಮುಖ್ಯಮಂತ್ರಿ ಚಂದ್ರಶೇಖರ ರಾವ್, ತೆಲಂಗಾಣದ ಯೋಜನೆಗಳನ್ನು ನಮಗೂ ಕೊಡಿ ಇಲ್ಲವೇ ನಮ್ಮನ್ನು ಅಲ್ಲಿಗೆ ಸೇರಿಸಿ ಎಂದು ರಾಯಚೂರಿನವರು ಕೇಳುತ್ತಿದ್ದಾರೆ ಎಂದರು. ಇಲ್ಲಿಯ ನಾಯಕರು ಉತ್ತರ ಕೊಟ್ಟರು. ಇಬ್ಬರ ಬಾಯಲ್ಲೂ ನಾವೇ, ಇಬ್ಬರೂ ನಮ್ಮನ್ನು ಕೇಳಿಲ್ಲ.

ಈ ಸಲ ಉತ್ತರ ಕೊಡುವವರಿಗೆ ಮುಖ ಎಲ್ಲಿಂದ ಬಂತು ಎಂದು ನನಗೆ ದುಃಖವಾಗುತ್ತದೆ. ಈ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಎರಡು ನದಿಗಳ ನಡುವಿನ ಜಿಲ್ಲೆಯಲ್ಲಿ! ಏಮ್ಸ್ ಆಸ್ಪತ್ರೆ ರಾಯಚೂರಿಗೆ ಬೇಕೆಂದು ಮೇ 13ರಿಂದ ಧರಣಿ ಕುಳಿತವರು ಇನ್ನೂ ಎದ್ದಿಲ್ಲ. ಐಐಟಿ ಕೇಳಿದಾಗ ಅದು ಧಾರವಾಡಕ್ಕೆ ಹೋಗಿತ್ತು, ಆ ಗಾಯ ಇನ್ನೂ ಹಸಿ ಇದೆ. 2002ರಲ್ಲಿ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ಲಿಂಗಸುಗೂರು, ಸಿಂಧನೂರು, ಮಾನ್ವಿ, ದೇವದುರ್ಗ ಆ ಪಟ್ಟಿಯಲ್ಲಿದ್ದವು. ಇಪ್ಪತ್ತು ವರ್ಷವಾಯಿತು. ಈ ಲೆಕ್ಕ ಮುಂದಿಟ್ಟುಕೊಂಡು ಮಾತಾಡಲಿ, ನಾಡದ್ರೋಹ ಎಂದು ಬೈಯುವುದು ಆಮೇಲೆ.

ಹಾಲಿನ ಹುಡುಗ ಈ ಸಲ ಏನೂ ಕೇಳಲಿಲ್ಲ. ಹತ್ತಿಗೆ ಔಷಧಿ ಹೊಡೆಯುವ ಅವಸರ ಅವನಿಗೆ.

17 ಸೆಪ್ಟೆಂಬರ್ 2022, ಶನಿವಾರ

ನಾವು ಭಾರತದೊಳಗೆ ಬಂದ ದಿನವೆಂದು ಶಾಲೆಯಲ್ಲಿ ಧ್ವಜ ಏರಿಸಿದೆವು. ಮೂರು ವರ್ಷದ ಹಿಂದೆ ಇದೇ ದಿನ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಹೈದರಾಬಾದಿನಲ್ಲಿ ಇವತ್ತು ಒಂದೇ ದಿನಕ್ಕೆ ಎರಡು ಸಮಾರಂಭ: ಕೇಂದ್ರದವರು ವಿಮೋಚನಾ ದಿನ ಎಂದರು, ರಾಜ್ಯದವರು ಏಕತಾ ದಿನ ಎಂದರು.

ಹತ್ತನೆಯ ತರಗತಿಯಲ್ಲಿ ಈ ದಿನದ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಅಕ್ಕಾರ, ಈಗ ಓಟು ಇಟ್ರ ನಾವು ಯಾವ್ಕಡೆ ಹಾಕಬೇಕು?" ಎಂದಳು. ಇಡೀ ತರಗತಿ ನನ್ನ ಮುಖ ನೋಡಿತು. ಕರ್ನಾಟಕದಲ್ಲೇ ಇರಬೇಕು ಎಂಬುದು ನನ್ನ ಮನಸ್ಸು ಎಂದು ಮುಚ್ಚಿಡದೆ ಹೇಳಿದೆ. ಅದು ನನ್ನ ಮತ, ನಿಮ್ಮದನ್ನು ನೀವೇ ಯೋಚಿಸಿ ಎಂದೆ. ಓಟು ಇಡುವವರ ಹತ್ತಿರ ಮೊದಲು ಏನೇನು ಕೇಳಬೇಕು ಎಂದು ಬರೆಯಿರಿ ಎಂದು ಹಾಳೆ ಕೊಟ್ಟೆ. ಕಾಲುವೆ, ಸೀಟು, ಬಸ್ಸು, ದವಾಖಾನೆ, ಗದ್ವಾಲಿನ ಸೋದರಮಾವನ ಮನೆಗೆ ಹೋಗಲು ಚೀಟಿ ಬೇಕೇನು ಎಂಬುದರವರೆಗೆ ಬರೆದರು. ಆ ಹುಡುಗಿ ಬರೆದದ್ದು: ಹುಡುಗಿಯರ ಶೌಚಾಲಯಕ್ಕೆ ನೀರು ಯಾವ ರಾಜ್ಯ ಕೊಡುತ್ತದೆ?

ಅದನ್ನು ಓದಿದ ಮೇಲೆ ಓಣಿಯ ಹೆಣ್ಣುಮಕ್ಕಳ ಮನೆಗೆ ಹೋಗಿ ಕುಳಿತೆ. ಶಾಲೆಯ ನೀರು, 5ಎ ಕಾಲುವೆ, ಎರಡಕ್ಕೂ ಅರ್ಜಿ ಬರೆದಾಗಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ಸೋಮವಾರ ಮಸ್ಕಿ ತಹಸೀಲು ಕಚೇರಿಗೆ ನಾನೊಬ್ಬಳೇ ಹೋಗುವುದು ಬೇಡ, ನಾವೂ ಬರುತ್ತೇವೆ ಎಂದು ಪಕ್ಕದ ಮನೆಯ ಮುದುಕಿಯೂ ಇನ್ನು ನಾಲ್ಕು ಮಂದಿಯೂ ಹೇಳಿದ್ದಾರೆ. ಬೆಳಗಿನ ಬಸ್ಸಿಗೇ ಹೊರಡಬೇಕು.