ಬಿಟ್ಟ ಸ್ಥಳ ತುಂಬಿರಿ

ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಎರಡು ಜಾತಿ. ಪದ್ಯ ಬಂತೆಂದರೆ ಮುಖ ಅರಳುವವರು ಒಂದು, ಗ್ರಾಮರ್ ಪೀರಿಯಡ್ ಬಂತೆಂದರೆ ಅರಳುವವರು ಇನ್ನೊಂದು. ಎರಡನೆಯವರು ಸಂಖ್ಯೆಯಲ್ಲಿ ಕಡಿಮೆ, ಮರ್ಯಾದೆಯಲ್ಲಿ ಇನ್ನೂ ಕಡಿಮೆ. ನಾನು ಆ ಪೈಕಿ. ಯಲಹಂಕದ ಕಡೆ ಪಾಠ ಮಾಡುವವರಿಗೆ ವಾಯುನೆಲೆಯ ವಿಮಾನ ತಲೆಯ ಮೇಲೆ ಹಾದಾಗಲೆಲ್ಲ ಬಾಯಿ ಮುಚ್ಚಲೇಬೇಕು. ಸದ್ದು ಅಡಗಿದ ಮೇಲೆ ‘ಹ್ಯಾಸ್’ ಬರಬೇಕೋ ‘ಹ್ಯಾಡ್’ ಬರಬೇಕೋ ಎಂಬ ಜಗಳವನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತೇವಲ್ಲ, ಆ ಸುಖ ಪದ್ಯದವರಿಗೆ ಗೊತ್ತಿಲ್ಲ.

ವ್ಯಾಕರಣ ಒಣ ವಿಷಯ ಎನ್ನುವವರಿಗೆ ನಾನು ರೆನ್ ಅಂಡ್ ಮಾರ್ಟಿನ್ ಪುಸ್ತಕದ ರೆನ್ ಸಾಹೇಬರ ಸುದ್ದಿ ಹೇಳುವುದುಂಟು. ಮುಂಬಯಿ ಕಡೆ ಶಿಕ್ಷಣ ಇಲಾಖೆಯಲ್ಲಿದ್ದ ಪಿ. ಸಿ. ರೆನ್ ಅವರೇ 1924ರಲ್ಲಿ ‘ಬೋ ಜೆಸ್ಟ್’ ಕಾದಂಬರಿ ಬರೆದವರು. ಮರುಭೂಮಿ, ಕೋಟೆ, ಫ್ರೆಂಚ್ ಫಾರಿನ್ ಲೀಜನ್ನಿನ ಸಿಪಾಯಿಗಳು, ಗುಂಡಿನ ಸುರಿಮಳೆ. ನಮ್ಮ ಅಜ್ಜಂದಿರ ಕಾಲದಿಂದ ಮಕ್ಕಳನ್ನು ನಡುಗಿಸಿದ ವ್ಯಾಕರಣದ ಅಭ್ಯಾಸಗಳ ಹಿಂದೆ ಇದ್ದದ್ದು ಅದೇ ಕೈ.

ನನಗೆ ಅತಿ ಪ್ರಿಯವಾದದ್ದು ಆರ್ಟಿಕಲ್. ನನ್ನ ತರಗತಿಯಲ್ಲಿ ಮನೆಮಾತು ಉರ್ದು, ತೆಲುಗು, ತಮಿಳು, ಕಟ್ಟಡ ಕೆಲಸಕ್ಕೆ ಬಂದವರ ರಾಯಚೂರು ಕನ್ನಡ, ಎಲ್ಲ ಇವೆ. ಇವುಗಳಲ್ಲಿ ಒಂದರಲ್ಲೂ ‘ದಿ’ ಎಂಬ ಪ್ರಾಣಿ ಇಲ್ಲ. ಹಾಗಾಗಿ ಅದರ ಮುಂದೆ ಎಲ್ಲರೂ ಸಮಾನ ಬಡವರು. ಬೋರ್ಡಿನ ಮೇಲೆ ನಮ್ಮದೇ ಊರಿನ ಹೆಸರು ಬರೆದು ಬಿಟ್ಟ ಸ್ಥಳ ತುಂಬಿಸುತ್ತೇನೆ. ಹೆಬ್ಬಾಳ ಲೇಕ್‌ಗೆ ‘ದಿ’ ಬೇಡ, ಅದರ ಪಕ್ಕದ ಹೆಬ್ಬಾಳ ಫ್ಲೈಓವರ್‌ಗೆ ಬೇಕು. ಬಳ್ಳಾರಿ ರೋಡಿಗೆ ಬೇಡ, ಅದಕ್ಕೆ ಅಡ್ಡ ಬರುವ ಔಟರ್ ರಿಂಗ್ ರೋಡಿಗೆ ಬೇಕು. ಕೆರೆಗೆ ಇಲ್ಲದ ಗೌರವ ನದಿಗೆ ಇದೆ: ಹೆಸರಘಟ್ಟದಲ್ಲಿ ಅರ್ಕಾವತಿ ಎಷ್ಟೇ ಒಣಗಿದ್ದರೂ ಇಂಗ್ಲಿಷಿನಲ್ಲಿ ಅವಳು ‘ದಿ ಅರ್ಕಾವತಿ’ಯೇ. ನೀರಿದ್ದ ಕೆರೆಗೆ ಬೇಡ, ನೀರಿಲ್ಲದ ಹೊಳೆಗೆ ಬೇಕು, ಇದ್ಯಾವ ನ್ಯಾಯ ಎಂದು ಮಕ್ಕಳು ಕೇಳಿದರೆ ನನ್ನ ಬಳಿ ನಿಯಮವಿದೆ, ನ್ಯಾಯವಿಲ್ಲ. ‘ಎ’ ಮತ್ತು ‘ಆ್ಯನ್’ ಇಷ್ಟು ತೊಂದರೆ ಕೊಡುವುದಿಲ್ಲ. ಅವು ಕಿವಿಯ ಕೆಲಸ. ಎಮ್ಮೆಲ್ಲೆ ಎಂದು ಬಾಯಿ ತುಂಬ ಹೇಳಿದರೆ ಸ್ವರ ತಾನೇ ಕೇಳಿಸುತ್ತದೆ. ಎಮ್ಮೆಲ್ಲೆಗೆ ‘ಆ್ಯನ್’, ಮಿನಿಸ್ಟರಿಗೆ ಬರೀ ‘ಎ’. ಶಾಸಕರಿಗೆ ಮಂತ್ರಿಗಿಂತ ಒಂದಕ್ಷರ ಜಾಸ್ತಿ ಸಿಗುವುದು ಇಲ್ಲಿ ಮಾತ್ರ.

ಆಮೇಲೆ ಪ್ರಿಪೊಸಿಷನ್. ಬಸ್ಸಿನಲ್ಲಿ ಹೋದರೆ ‘ಆನ್’, ಆಟೋದಲ್ಲಿ ಹೋದರೆ ‘ಇನ್’. ನಿಂತು ಓಡಾಡಲು ಜಾಗವಿದ್ದರೆ ‘ಆನ್’, ಕೂತೇ ಇರಬೇಕಾದರೆ ‘ಇನ್’ ಎಂಬ ಸೂತ್ರ ಸಾಮಾನ್ಯವಾಗಿ ಸಾಕು. ಆದರೆ ಆರ್. ಟಿ. ನಗರದ ಕಡೆಯಿಂದ ಶೇರ್ ಆಟೋದಲ್ಲಿ ಬರುವ ಹುಡುಗ ಎದ್ದು ನಿಂತು, ಡ್ರೈವರ್ ಪಕ್ಕದಲ್ಲಿ ಅರ್ಧ ಮೈ ಹೊರಗೆ ಹಾಕಿ ಕೂತವನಿಗೆ ಯಾವುದು ಎಂದ. ಆ ವಾರವೆಲ್ಲ ಸ್ಟಾಫ್ ರೂಮಿನಲ್ಲೂ ಅದೇ ಚರ್ಚೆ.

ಪದಸಂಪತ್ತಿಗೆ ನಾವು ದೂರ ಹೋಗುವುದಿಲ್ಲ. ಯಲಹಂಕದ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳ ಗೇಟು ಓದಿದರೆ ಸಾಕು: ಎನ್‌ಕ್ಲೇವ್, ವಿಸ್ಟಾ, ಮೆಡೋ. ‘ಮೆಡೋ’ ಅಂದರೆ ಹುಲ್ಲುಗಾವಲು, ಸ್ವಂತ ವಾಕ್ಯದಲ್ಲಿ ಬಳಸಿ ಎಂದಿದ್ದೆ. ಅಮ್ಮ ಮೆಡೋದ ಎಂಟನೇ ಮಹಡಿಯಲ್ಲಿ ಪಾತ್ರೆ ತೊಳೆಯುತ್ತಾಳೆ ಎಂದು ಒಬ್ಬಳು ಬರೆದಳು. ವಾಕ್ಯದಲ್ಲಿ ತಿದ್ದಲು ಏನೂ ಇರಲಿಲ್ಲ.

ಈ ವ್ಯಾಕರಣದ ಕಸರತ್ತೇ ಬೇಡ ಎಂದ ಪ್ರಯೋಗವೊಂದು ಇದೇ ಊರಿನ ಹೆಸರಲ್ಲಿ ಜಗತ್ತಿಗೆ ಹಬ್ಬಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಮತ್ತು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ ಬೆಂಬಲದೊಂದಿಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ನಡೆಸಿದ ‘ಬೆಂಗಳೂರು ಪ್ರಾಜೆಕ್ಟ್’ ಅದು. ಮಗುವಿನ ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಪಾಠದ ಬದಲು ಕೆಲಸ: ಒಂದು ನಕಾಶೆ, ಒಂದು ರೈಲ್ವೆ ವೇಳಾಪಟ್ಟಿ, ಬಿಡಿಸಲು ಒಂದು ಸಮಸ್ಯೆ. ಮೊದಲು ಮೇಷ್ಟ್ರು ತರಗತಿಯ ಜೊತೆ ಸೇರಿ ಒಂದನ್ನು ಬಿಡಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳಿಗೇ ಬಿಡುವುದು. 1987ರಲ್ಲಿ ಬಂದ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ಯನ್ನು ಈಗಲೂ ಹೊರದೇಶದವರು ಉಲ್ಲೇಖಿಸುತ್ತಾರೆ.

ನಾನೂ ಯಶವಂತಪುರದಿಂದ ಹುಬ್ಬಳ್ಳಿಗೆ ಹೋಗುವ ರೈಲುಗಳ ಪಟ್ಟಿ ಕೊಟ್ಟು ನೋಡಿದೆ. ಮದುವೆ ಮುಹೂರ್ತಕ್ಕೆ ಮುಂಚೆ ತಲುಪಬೇಕು, ಯಾವ ರೈಲು? ಮಕ್ಕಳು ಜೇನುಹುಳುಗಳ ಹಾಗೆ ಮುತ್ತಿಕೊಂಡರು. ಉತ್ತರವೂ ಸರಿ ಬಂತು. ಚರ್ಚೆಯೆಲ್ಲ ಕನ್ನಡದಲ್ಲಿ, ಉರ್ದುವಿನಲ್ಲಿ ನಡೆಯಿತು, ಅಷ್ಟೇ. ಕೊನೆಗೆ ‘ರೀಚ್’ ಮುಂದೆ ‘ಅಟ್’ ಬರುತ್ತದೋ ಇಲ್ಲವೋ ಎಂದು ಶುರುವಾದ ಮೇಲೆಯೇ ಇಂಗ್ಲಿಷು ಒಳಗೆ ಬಂದದ್ದು. ಪ್ರಭು ದೊಡ್ಡವರು. 1990ರಲ್ಲಿ ಅವರೇ ಇನ್ನೊಂದು ಲೇಖನ ಬರೆದು, ಎಲ್ಲಕ್ಕಿಂತ ಉತ್ತಮವಾದ ಬೋಧನಾ ವಿಧಾನ ಎಂಬುದೇ ಇಲ್ಲ, ತಾನು ಮಾಡುವುದರ ಬಗ್ಗೆ ಮೇಷ್ಟ್ರಿಗೆ ಜೀವಂತ ನಂಬಿಕೆ ಇರಬೇಕು ಎಂದರು. ಬಿಟ್ಟ ಸ್ಥಳದ ಮೇಲೆ ನನಗೆ ಆ ನಂಬಿಕೆ ಇದೆ. ಒಂದು ಚಿಕ್ಕ ಗೆರೆಯ ಮೇಲೆ ಇಡೀ ತರಗತಿ ಬಗ್ಗಿ ನೋಡುವ ಕ್ಷಣ ಬೇರೆ ಯಾವ ಪಾಠದಲ್ಲೂ ನನಗೆ ಸಿಕ್ಕಿಲ್ಲ.

ಅದೇ ರೈಲಿನ ನೆಪದಲ್ಲಿ ಪ್ಯಾಸಿವ್ ವಾಯ್ಸ್ ಬಂತು. ಕನ್ನಡದಲ್ಲಿ ಕರ್ಮಣಿ ಪ್ರಯೋಗ ವ್ಯಾಕರಣ ಪುಸ್ತಕದ ಹೊರಗೆ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಾದರೆ ಅದು ಕಚೇರಿಗಳ ಮಾತೃಭಾಷೆ. ರೈಲು ತಡವಾದಾಗ ಸ್ಟೇಷನ್ನಿನಲ್ಲಿ ಆಗುವ ಘೋಷಣೆ ನೆನಪಿಸಿಕೊಳ್ಳಿ ಎಂದೆ: ಉಂಟಾದ ಅನಾನುಕೂಲ ಆಳವಾಗಿ ವಿಷಾದಿಸಲ್ಪಡುತ್ತದೆ. ಯಾರಿಂದ? ಅದಿಲ್ಲ. ಇದನ್ನು ಆ್ಯಕ್ಟಿವ್ ಮಾಡಿ, ಸಬ್ಜೆಕ್ಟ್ ಜಾಗ ತುಂಬಿರಿ. ‘ದಿ ರೈಲ್ವೇಸ್’ ಎಂದರು ಕೆಲವರು. ‘ದಿ ಸ್ಟೇಷನ್ ಮಾಸ್ಟರ್’ ಎಂದಳು ಒಬ್ಬಳು, ‘ದಿ’ ಮರೆಯದೆ. ಹಿಂದಿನ ಬೆಂಚಿನವನ ಪುಸ್ತಕದಲ್ಲಿ ‘ನೋಬಡಿ’ ಎಂದಿತ್ತು. ಹಾಗೆ ಹಾಕಿದರೆ ಅರ್ಥವೇ ಉಲ್ಟಾ ಆಗುತ್ತಲ್ಲಯ್ಯ ಎಂದೆ.

‘ಗೊತ್ತು ಸಾರ್, ಅದಕ್ಕೇ ಹಾಕಿದ್ದು’ ಅಂದ.