ಕೊಳ್ಳುವ ದುಡ್ಡು, ಸಾಕುವ ದುಡ್ಡು

ಶಿರಾಡಿ ಘಾಟಿಯ ಏರನ್ನು ಸಲೀಸಾಗಿ ಹತ್ತುವ, 140 ಅಶ್ವಶಕ್ತಿಯ ಹಳೆಯ ಸ್ಕೋಡಾ ಲಾರಾ ಡೀಸೆಲ್ ಕಾರು ಅಗ್ಗಕ್ಕೆ ಸಿಕ್ಕರೆ ಯಾರಿಗೆ ಆಸೆಯಾಗದು? ಸಕಲೇಶಪುರದಲ್ಲಿರುವ ನನ್ನ ತಮ್ಮನೂ ಹಠ ಹಿಡಿದಿದ್ದ. "ಕೊಳ್ಳುವ ದುಡ್ಡಿದೆ, ಸಾಕುವ ದುಡ್ಡಿದೆಯಾ?" ಎಂದೆ. ಟೈಮಿಂಗ್ ಬೆಲ್ಟ್ ತುಂಡಾದರೆ ಇಂಜಿನ್ನಿಗೇ ಪೆಟ್ಟು. ಟರ್ಬೋ, ಇಂಜೆಕ್ಟರ್ ಕೆಟ್ಟರೆ ತಿಂಗಳ ಸಂಬಳವೇ ಸಾಲದು. 15 ವರ್ಷ ತುಂಬಿದರೆ ನೋಂದಣಿ ನವೀಕರಣ, ಹಸಿರು ತೆರಿಗೆ ಬೇರೆ. ಮಳೆಗಾಲದಲ್ಲಿ ಆಲೂರಿನ ತೋಟದ ದಾರಿಗೆ ತಗ್ಗಿನ ಕಾರು ಒಗ್ಗುವುದೂ ಇಲ್ಲ.

ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒದ್ದೆಯಾದುದನ್ನು ಮೇಲೆಯೇ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ್ದರು. ಮಾರುವವರು ದೋಷ ಮುಚ್ಚಿಡಬಾರದು. ಕೊಳ್ಳುವವರು ಸರ್ವಿಸ್ ಪುಸ್ತಕ ನೋಡಿ, ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಬೇಕು.

ತಮ್ಮ ಸಣ್ಣ ಕಾರು ಕೊಂಡ. ಬಡ್ಡಿಯ ಸಾಲ ಬೇಕಾಗಲಿಲ್ಲ. ನೀವೂ ಮುಂಗಡ ಕೊಡುವ ಮುನ್ನ ವರ್ಷದ ಖರ್ಚನ್ನು ಮನೆಯವರೊಂದಿಗೆ ಕುಳಿತು ಬರೆದು ನೋಡಿ.